ಸಣ್ಣ ನರ್ಸಿಂಗ್ ಹೋಮಿನವರು ಪ್ಯಾಕೇಜ್ ಯೋಜನೆಗೆ ಸೇರಬೇಕಾ? ಅನುಭವ ಇದ್ದವರು ಹೇಳಿ

ಕುಮಟಾದಿಂದ ಪ್ರಶ್ನೆ

ನಮಸ್ಕಾರ. ಕುಮಟಾ ಹತ್ತಿರ ನಮ್ಮದು 18 ಹಾಸಿಗೆಯ ನರ್ಸಿಂಗ್ ಹೋಮ್. ಮಾವನವರು 31 ವರ್ಷ ನಡೆಸಿದರು. ಈಗ ನಾವಿಬ್ಬರು. ನಮ್ಮ ಯಜಮಾನರು ಜನರಲ್ ಸರ್ಜನ್, ನಾನು ಹೆರಿಗೆ ಡಾಕ್ಟರ್. ಇಲ್ಲಿಯವರೆಗೆ ಎಲ್ಲ ನಗದು. ಅಡಿಕೆ ಮಾರಿದ ಮೇಲೆ ಕೊಡುವವರು, ಆಗಸ್ಟಿನಲ್ಲಿ ಬೋಟು ಕಡಲಿಗೆ ಇಳಿದ ಮೇಲೆ ಕೊಡುವವರು, ಎಲ್ಲರೂ ಇದ್ದಾರೆ. ಈಗೀಗ ಬರುವ ಹತ್ತು ಜನರಲ್ಲಿ ಆರು ಜನ ಬಾಗಿಲಲ್ಲೇ ಕೇಳುತ್ತಾರೆ, ‘ಕಾರ್ಡ್ ನಡೆಯತ್ತಾ?’ ಇಲ್ಲ ಅಂದರೆ ತಿರುಗಿ ಹೋಗುತ್ತಾರೆ. ಸರ್ಕಾರದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ, ಸಹಕಾರಿ ಸೊಸೈಟಿ ಸದಸ್ಯರ ಯಶಸ್ವಿನಿ, ಎರಡರಲ್ಲೂ ಒಂದೊಂದು ಚಿಕಿತ್ಸೆಗೆ ಇಷ್ಟೇ ಅಂತ ಗೊತ್ತು ಮಾಡಿದ ‘ಪ್ಯಾಕೇಜ್’ ದರ. ಎರಡಕ್ಕೂ ಸೇರಬೇಕಾ? ನಮಗೆ ಆಸ್ಪತ್ರೆಯ ಗುಣಮಟ್ಟಕ್ಕೆ ಕೊಡುವ ಎನ್‌ಎಬಿಎಚ್ ಮಾನ್ಯತೆ ಇಲ್ಲ. ಹೊರಗಿನ ಸಿಬ್ಬಂದಿ ಅಂದರೆ ಒಬ್ಬರೇ ಅರಿವಳಿಕೆ ಡಾಕ್ಟರ್. ಸೇರಿದವರು, ಬಿಟ್ಟವರು ದಯವಿಟ್ಟು ಬರೆಯಿರಿ.

ಕರಾವಳಿ ಸರ್ಜನ್

ಬೇಡ ತಂಗಿ. ನಾನು ಐದು ವರ್ಷ ಇದ್ದು ಹೊರಗೆ ಬಂದವನು.

ಸೇರುವ ಮೊದಲೇ ಖರ್ಚು ಶುರು. ಜನರೇಟರ್ ಬದಲಾಯಿಸಿದೆ, 4 ಲಕ್ಷ 60 ಸಾವಿರ. ಬೆಂಕಿಯ ಪರವಾನಗಿಗೆ ಹಿಂದಿನ ಮೆಟ್ಟಿಲು ಕಟ್ಟಿಸಿದೆ, 2 ಲಕ್ಷ 15 ಸಾವಿರ. ಕಂಪ್ಯೂಟರ್ ಹುಡುಗನಿಗೆ ತಿಂಗಳಿಗೆ 14 ಸಾವಿರ. ಅವನು ಕೆಲಸ ಕಲಿತ ಮೇಲೆ ಹುಬ್ಬಳ್ಳಿಗೆ ಹೋದ. ಇನ್ನೊಬ್ಬನಿಗೆ ಮತ್ತೆ ಮೊದಲಿಂದ ಕಲಿಸಿದೆ.

ಒಂದು ರಾತ್ರಿಯ ಕಥೆ ಹೇಳುತ್ತೇನೆ. 2022ರ ಜುಲೈ, ಹನ್ನೊಂದೂವರೆ ಗಂಟೆ, ಹುಚ್ಚು ಮಳೆ. ಹದಿನಾರು ವರ್ಷದ ಹುಡುಗ, ಹೊಟ್ಟೆ ಹಲಗೆಯ ಹಾಗೆ ಗಟ್ಟಿ. ಅಪೆಂಡಿಕ್ಸ್ ಒಡೆದಿತ್ತು. ಕೀವು ತೆಗೆದು, ತೊಳೆದು, ಡ್ರೈನ್ ಇಟ್ಟು ಹೊರಗೆ ಬರುವಾಗ ಎರಡೂವರೆ. ಹುಡುಗ ಏಳನೇ ದಿನ ನಡೆದುಕೊಂಡು ಮನೆಗೆ ಹೋದ. ಕ್ಲೇಮ್ ಹಾಕಿದೆವು. ಮೊದಲ ಕ್ವೆರಿ: ಒಡೆದ ಅಪೆಂಡಿಕ್ಸಿನ ಫೋಟೋ ಎಲ್ಲಿ? ನನ್ನ ಎರಡೂ ಕೈ ಆ ಹುಡುಗನ ಹೊಟ್ಟೆಯೊಳಗಿತ್ತು, ಸಿಸ್ಟರ್ ರಿಟ್ರ್ಯಾಕ್ಟರ್ ಹಿಡಿದಿದ್ದರು. ಫೋಟೋ ಯಾರು ತೆಗೆಯಬೇಕಿತ್ತು? ಎರಡನೇ ಕ್ವೆರಿ: ಸ್ಕ್ಯಾನಿನಲ್ಲಿ ‘ಊತ’ ಅಂತ ಮಾತ್ರ ಇದೆ, ತುರ್ತು ಅಲ್ಲ, ಹಾಗಾದರೆ ‘ನಮ್ಮಲ್ಲಿ ಆಗಲ್ಲ, ಹೊರಗೆ ಕಳಿಸಿದ್ದೇವೆ’ ಅನ್ನುವ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಎಲ್ಲಿ? ಮೂರನೆಯದು ರಿಜೆಕ್ಟ್.

ಲೆಕ್ಕ ಇನ್ನೂ ಡೈರಿಯಲ್ಲಿದೆ. ಆಂಟಿಬಯಾಟಿಕ್ 9,640. ಅರಿವಳಿಕೆಯವರ ರಾತ್ರಿ ದರ 6,000. ಲ್ಯಾಬ್ 3,150. ಆಕ್ಸಿಜನ್ ಮತ್ತು ಡೀಸೆಲ್ 2,300. ಡ್ರೈನ್, ದಾರ, ಗ್ಲೌಸು 4,000. ನನ್ನ ಫೀ ಬಿಡಿ. ಬಿಪಿಎಲ್ ಕಾರ್ಡಿನ ರೋಗಿಯ ಹತ್ತಿರ ಒಂದು ರೂಪಾಯಿ ಕೇಳುವ ಹಾಗಿಲ್ಲ, ನಾನು ಕೇಳಲೂ ಇಲ್ಲ. ಬಿಟ್ಟಾಗ ಒಟ್ಟು ಬಾಕಿ 11 ಲಕ್ಷ 40 ಸಾವಿರ. ಯಾವ ಯೋಜನೆ, ಯಾವ ಕಚೇರಿ ಅಂತ ಇಲ್ಲಿ ಬರೆಯಲ್ಲ, ಅರ್ಜಿ ಇನ್ನೂ ನಡೆಯುತ್ತಿದೆ. ರಾಜ್ಯದೊಳಗಿನ ಕ್ಲೇಮಿಗೆ 15 ದಿನ ಅಂತ ಪಿಎಂ-ಜೆಎವೈ, ಅಂದರೆ ಕೇಂದ್ರದ ಆಯುಷ್ಮಾನ್ ಯೋಜನೆಯ ನಿಯಮದಲ್ಲಿದೆ. ಬ್ಯಾಂಕಿನ ಓವರ್‌ಡ್ರಾಫ್ಟ್ ಸಾಲದ ಬಡ್ಡಿಗೆ ಆ ನಿಯಮ ಗೊತ್ತಿಲ್ಲ.

ಶಿರಸಿಯಿಂದ, ಹೆರಿಗೆ ಡಾಕ್ಟರ್

ಸರ್, ನಿಮ್ಮ ಹೊಟ್ಟೆಯುರಿ ಅರ್ಥ ಆಗುತ್ತದೆ. ಆದರೆ ಒಬ್ಬ ಹುಡುಗನ ಕ್ಲೇಮ್ ಇಟ್ಟುಕೊಂಡು ಅವರನ್ನು ಹೆದರಿಸಬೇಡಿ. ನಾನು ಯಶಸ್ವಿನಿ ಶುರುವಾದ 2003ರಿಂದ ಪ್ಯಾಕೇಜಿನಲ್ಲೇ ಕೆಲಸ ಮಾಡಿದವಳು. ಆಗ ಸೊಸೈಟಿ ಸದಸ್ಯರು ಒಬ್ಬೊಬ್ಬರಿಗೆ ತಿಂಗಳಿಗೆ 5 ರೂಪಾಯಿ ಲೆಕ್ಕದಲ್ಲಿ ಕಟ್ಟುತ್ತಿದ್ದರು. ನಮ್ಮ ಕಡೆ ಅಡಿಕೆ ಬೆಳೆಗಾರರ ಮನೆಯಲ್ಲಿ ಸೊಸೈಟಿ ಪಾಸ್‌ಬುಕ್ ಇಲ್ಲದವರು ಯಾರು? 2018ರಲ್ಲಿ ಅದನ್ನು ಆರೋಗ್ಯ ಕರ್ನಾಟಕದ ಜೊತೆ ಸೇರಿಸಿದಾಗ ನಾನು ಅತ್ತಿದ್ದೇನೆ, ಸುಳ್ಳಲ್ಲ. ಮತ್ತೆ ಶುರುವಾದ ಮೇಲೆ ಹಳ್ಳಿಯ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, 5 ಲಕ್ಷದವರೆಗೆ ಚಿಕಿತ್ಸೆ.

ಪ್ಯಾಕೇಜಿನಲ್ಲಿ ಉಳಿಯಬೇಕಾದರೆ ಕೆಲಸದ ರೀತಿಯೇ ಬದಲಾಗಬೇಕು. ನನಗೆ ಅದು ತಿಳಿದದ್ದು ಒಂದೇ ಒಂದು ಗಾಯದಿಂದ. ಗರ್ಭಕೋಶ ತೆಗೆದ ಹೆಂಗಸು, ಹೊಲಿಗೆ ಕೀವಾಗಿ ಹನ್ನೊಂದನೇ ದಿನ ವಾಪಸ್ ಬಂದರು. ಮತ್ತೆ ಒಂಬತ್ತು ದಿನ ಹಾಸಿಗೆ. ಆಯುಷ್ಮಾನ್ ಪ್ಯಾಕೇಜಿನಲ್ಲಿ ಮನೆಗೆ ಕಳಿಸಿದ ಮೇಲಿನ 15 ದಿನದ ಔಷಧವೂ ನಮ್ಮದೇ, ಗೊತ್ತಲ್ವಾ? ಆ ಒಬ್ಬರ ಡ್ರೆಸ್ಸಿಂಗ್ ಮುಂದಿನ ಎರಡು ಆಪರೇಷನ್ನಿನ ದುಡ್ಡು ತಿಂದಿತು.

ಆಮೇಲೆ ಹೀಗೆ ಮಾಡಿದೆ. ಸಕ್ಕರೆ ಕಾಯಿಲೆ, ರಕ್ತ ಕಡಿಮೆ ಇದ್ದವರನ್ನು ಮೊದಲು ಸರಿ ಮಾಡಿಕೊಂಡು ಬನ್ನಿ ಅಂತ ಮೂರು ವಾರ ಮುಂದಕ್ಕೆ ಹಾಕಿದೆ. ಆಂಟಿಬಯಾಟಿಕ್ ಐದು ದಿನ ಸುಮ್ನೆ ಹಾಕುವುದನ್ನು ಬಿಟ್ಟು, ಕೊಯ್ಯುವ ಮೊದಲಿನ ಒಂದು ಡೋಸನ್ನು ಸರಿಯಾದ ಹೊತ್ತಿಗೆ ಕೊಟ್ಟೆ. ಅರಿವಳಿಕೆಯವರನ್ನು ಇನ್ನೆರಡು ಆಸ್ಪತ್ರೆಯವರ ಜೊತೆ ಮಾತಾಡಿ ಮಂಗಳವಾರ, ಶುಕ್ರವಾರಕ್ಕೆ ಗೊತ್ತು ಮಾಡಿದೆ. ಮೂರನೇ ದಿನ, ಎಂಟನೇ ದಿನ ನಮ್ಮ ಸಿಸ್ಟರ್ ರೋಗಿಯ ಮನೆಗೆ ಫೋನ್ ಮಾಡುತ್ತಾರೆ. ಜ್ವರ ಇದೆಯಾ, ಹೊಲಿಗೆ ಒದ್ದೆ ಆಗಿದೆಯಾ, ಎರಡೇ ಪ್ರಶ್ನೆ. ಆ ಫೋನಿಗೆ ಯಾವ ಯೋಜನೆಯೂ ದುಡ್ಡು ಕೊಡಲ್ಲ. ಆದರೆ ನನ್ನ ಆಸ್ಪತ್ರೆ ನಿಂತಿರುವುದು ಆ ಫೋನಿನ ಮೇಲೆ.

ಕರಾವಳಿ ಸರ್ಜನ್

ಮೇಡಂ, ದಿನ ಗೊತ್ತು ಮಾಡಿಕೊಂಡು ಬರುವ ಗರ್ಭಕೋಶಕ್ಕೂ ಅರ್ಧರಾತ್ರಿ ಬರುವ ಹೊಟ್ಟೆನೋವಿಗೂ ವ್ಯತ್ಯಾಸ ಇದೆ. ನನ್ನ ರೋಗಿಗೆ ಮೂರು ವಾರ ಬಿಟ್ಟು ಬಾ ಅನ್ನಲು ಆಗುತ್ತಾ? 2024ರ ಜುಲೈ 16ಕ್ಕೆ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿದಾಗ ನಮ್ಮ ಅರಿವಳಿಕೆಯವರು ಆ ಕಡೆ, ನಾನು ಈ ಕಡೆ. ಮಂಗಳವಾರ, ಶುಕ್ರವಾರ ಎಲ್ಲಿಂದ ತರಲಿ?

ತಾಲೂಕು ಆಸ್ಪತ್ರೆಯಿಂದ

ಚೀಟಿ ಚೀಟಿ ಅಂತ ಎಲ್ಲರೂ ನಮ್ಮನ್ನೇ ಬೈಯುವುದು ಕಂಡು ಬರೆಯುತ್ತಿದ್ದೇನೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಶುರುವಾದಾಗ ಪಟ್ಟಿಯಲ್ಲಿ 1650 ಚಿಕಿತ್ಸೆ ಇತ್ತು. ಅದರಲ್ಲಿ ತುರ್ತಿನ 169ಕ್ಕೆ ಚೀಟಿಯೇ ಬೇಡ. ಸರಳ ಅಂತ ಇಟ್ಟದ್ದು, ಹೆರಿಗೆಯೂ ಸೇರಿ, ಸರ್ಕಾರಿ ಆಸ್ಪತ್ರೆಗೆ. ನಮ್ಮಲ್ಲಿ ಆಗದಿದ್ದರೆ ಮಾತ್ರ ಹೊರಗೆ. ಪ್ರಶ್ನೆ ಕೇಳಿದ ಮೇಡಂ ಹೆರಿಗೆ ಡಾಕ್ಟರ್ ಅಂತ ಹೇಳಿದ್ದಾರೆ, ಇದನ್ನು ಯಾರೂ ಅವರಿಗೆ ಹೇಳಲಿಲ್ಲವಲ್ಲ.

ನಾನು ದಿನಕ್ಕೆ ನೂರಿಪ್ಪತ್ತು ಜನ ಹೊರರೋಗಿಗಳನ್ನು ನೋಡುತ್ತೇನೆ. ಮಧ್ಯೆ ಪೋಸ್ಟ್‌ಮಾರ್ಟಮ್, ಕೋರ್ಟ್ ಸಾಕ್ಷಿ. ಬೆಳಿಗ್ಗೆ ಹತ್ತಕ್ಕೆ ಖಾಸಗಿಯವರ ಕಾಂಪೌಂಡರ್ ಬಂದು ‘ಡಾಕ್ಟ್ರೇ, ನಿನ್ನೆ ಆಪರೇಷನ್ ಆಗಿದೆ, ಮೊನ್ನೆ ದಿನಾಂಕ ಹಾಕಿ ಚೀಟಿ ಕೊಡಿ’ ಅಂದರೆ ಏನು ಮಾಡಲಿ? ನನ್ನ ನೌಕರಿ ಹೋಗುತ್ತದೆ. ಹೀಗೆ ಕೇಳಿದವರು ಒಬ್ಬರಲ್ಲ.

ಇನ್ನೊಂದು ಮಾತು. ನಾಲ್ಕು ವರ್ಷದಲ್ಲಿ ನಾನು ಬರೆದ ಚೀಟಿ ಎಷ್ಟೋ. ಆ ರೋಗಿಗೆ ಮುಂದೆ ಏನಾಯ್ತು ಅಂತ ಒಂದು ಡಿಸ್ಚಾರ್ಜ್ ಕಾಗದ ನನಗೆ ವಾಪಸ್ ಬಂದಿಲ್ಲ. ಮಾತ್ರೆ ಬದಲಾದದ್ದು ಗೊತ್ತಿಲ್ಲದೆ ಹಳೆಯ ಬಿಪಿ ಮಾತ್ರೆಯೇ ಬರೆದುಕೊಟ್ಟು, ಅಜ್ಜಿಯೊಬ್ಬರು ತಲೆ ತಿರುಗಿ ಬಾವಿಕಟ್ಟೆಯಲ್ಲಿ ಬಿದ್ದರು. ಚೀಟಿ ಅಂದರೆ ದುಡ್ಡಿನ ಬಾಗಿಲು ಅಂತ ನೀವೆಲ್ಲ ತಿಳಿದಿದ್ದೀರಿ. ನನಗೆ ಅದು ನನ್ನ ರೋಗಿಯನ್ನು ನಿಮ್ಮ ಕೈಗೆ ಕೊಟ್ಟ ಹಾಗೆ.

ಕರಾವಳಿ ಸರ್ಜನ್

ಹಿಂದಿನ ದಿನಾಂಕದ ಚೀಟಿ ನಾನು ಯಾವತ್ತೂ ಕೇಳಿಲ್ಲ. ಆ ಮಾತನ್ನು ವಾಪಸ್ ತೆಗೆದುಕೊಳ್ಳಿ.

ತಾಲೂಕು ಆಸ್ಪತ್ರೆಯಿಂದ

ನೀವು ಅಂತ ಹೇಳಿಲ್ಲ. ಆದರೆ ಫೋಟೋ ಇಲ್ಲ, ಸ್ಕ್ಯಾನ್ ರಿಪೋರ್ಟ್ ಹೊಂದಲ್ಲ, ತಪ್ಪು ಮಾತ್ರ ಚೀಟಿಯದು ಅನ್ನುವುದು ಸರಿಯಲ್ಲ.

ಹೊನ್ನಾವರದಿಂದ, ಡಾಕ್ಟರ್ ಅಲ್ಲ

ಡಾಕ್ಟರುಗಳೆಲ್ಲ ನಿಮ್ಮ ಬಾಕಿ ಮಾತಾಡುತ್ತಿದ್ದೀರಿ. ನಮ್ಮ ಬಾಕಿ ಕೇಳಿ. ನಮ್ಮದು ಎಪಿಎಲ್ ಕಾರ್ಡ್, ಯಾಕೆಂದರೆ ತಮ್ಮ ಶಿಕ್ಷಕ. ಅಮ್ಮನ ಹೃದಯಕ್ಕೆ ಸ್ಟೆಂಟ್. ಎಪಿಎಲ್‌ಗೆ ಪ್ಯಾಕೇಜ್ ದರದ 30% ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷದೊಳಗೆ. ಉಳಿದ 70% ಯಾರು ಕೊಡುವುದು? ಎರಡು ಎಮ್ಮೆ ಮಾರಿದೆವು. ಆಂಬುಲೆನ್ಸ್ ಬೇರೆ. ಜೊತೆಗೆ ಇದ್ದ ಮೂವರಿಗೆ ಐದು ದಿನದ ಊಟ, ಲಾಡ್ಜ್ 6,200.

ಈ ಜಿಲ್ಲೆಗೆ ಮೊದಲು ಬೇಕಾದದ್ದು ದೊಡ್ಡ ಆಸ್ಪತ್ರೆ. 2022ರ ಜುಲೈ 20ಕ್ಕೆ ನಮ್ಮ ಹೊನ್ನಾವರದಿಂದ ಹೊರಟ ಆಂಬುಲೆನ್ಸ್ ಬೈಂದೂರಿನ ಶಿರೂರು ಟೋಲ್ ಹತ್ತಿರ ಪಲ್ಟಿಯಾಗಿ ನಾಲ್ಕು ಜನ ಹೋದರು. ಆಮೇಲೆ ಎಲ್ಲರೂ ಕೂಗಿದರು. ಕೂಗಿದ್ದು ಎಲ್ಲಿ ಹೋಯಿತು?

ಸದಾಶಿವಗಡ ಕಡೆಯವನು

ಎಲ್ಲರೂ ಮಣಿಪಾಲ, ಮಂಗಳೂರು ಅಂತ ಯಾಕೆ ಓಡುತ್ತೀರಿ? ಕಾರವಾರದವರಿಗೆ ಗೋವಾದ ಬಾಂಬೋಳಿಯ ಮೆಡಿಕಲ್ ಕಾಲೇಜು ಆಸ್ಪತ್ರೆಯೇ ಹತ್ತಿರ. ನಮ್ಮ ಅಣ್ಣನ ತಲೆಯ ಆಪರೇಷನ್ ಅಲ್ಲೇ ಆಯಿತು.

ಹೊನ್ನಾವರದಿಂದ, ಡಾಕ್ಟರ್ ಅಲ್ಲ

ನಿಮಗೆ ಹತ್ತಿರ. ನನಗೆ? 2018ರಿಂದ ಅಲ್ಲಿ ಹೊರಗಿನವರಿಗೆ ಶುಲ್ಕ ಇದೆ, ಅದನ್ನೂ ಹೇಳಿ. ನಮ್ಮ ರೋಗಿ ಪಕ್ಕದ ರಾಜ್ಯಕ್ಕೆ ಹೋಗುವುದನ್ನು ಹೆಮ್ಮೆಯಿಂದ ಹೇಳುವ ಜಿಲ್ಲೆ ಇನ್ನೊಂದಿದೆಯಾ?

ಸದಾಶಿವಗಡ ಕಡೆಯವನು

ಹೆಮ್ಮೆ ಅಲ್ಲ ಮಾರಾಯ್ರೆ. ಅಣ್ಣ ಬದುಕಿದ. ಅಷ್ಟೇ ಹೇಳಿದ್ದು.

ತಾಲೂಕು ಆಸ್ಪತ್ರೆಯಿಂದ

ಹೊನ್ನಾವರದವರೇ, ಎದೆನೋವಿಗೆ ಈಗ ತಾಲೂಕಿನಲ್ಲೇ ಇಸಿಜಿ ತೆಗೆದು ದೊಡ್ಡ ಆಸ್ಪತ್ರೆಗೆ ಕಳಿಸುವ ಪುನೀತ್ ರಾಜಕುಮಾರ್ ಹೃದಯ ಜ್ಯೋತಿ ಯೋಜನೆ ಇದೆ. ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಪುಕ್ಕಟೆ. ಮೊದಲು ನಮ್ಮಲ್ಲಿಗೆ ಬನ್ನಿ. ಸೀದಾ ಕಾರು ಹತ್ತಿಸಿ ಮೂರು ತಾಸು ಓಡಿಸಬೇಡಿ. ಇಲ್ಲಿ ಆಸ್ಪತ್ರೆ ಆಸ್ಪತ್ರೆ ಮಧ್ಯೆ ಕಾಗದ ಓಡಾಡುತ್ತದೆ, ಫೋನ್ ಓಡಾಡುತ್ತದೆ. ಬೇರೆ ಕಾಯಿಲೆಗೂ ಹೀಗೇ ಆಗಬೇಕು ಅಂತ ನನ್ನ ಆಸೆ.

ಕಾರವಾರದಿಂದ, ಆಸ್ಪತ್ರೆಯ ಕಾರ್ಡ್ ಕೌಂಟರಿನಲ್ಲಿ ಕೆಲಸ

ದೊಡ್ಡವರ ಮಧ್ಯೆ ಬರೆಯುತ್ತಿದ್ದೇನೆ, ಕ್ಷಮಿಸಿ. ಆರು ವರ್ಷದಿಂದ ಕ್ಲೇಮ್ ಹಾಕುವವಳು ನಾನೇ. ದುಡ್ಡು ಹೋಗುವುದು ಆಪರೇಷನ್ ಥಿಯೇಟರಿನಲ್ಲಿ ಅಂತ ಡಾಕ್ಟರುಗಳು ತಿಳಿಯುತ್ತಾರೆ. ಹೋಗುವುದು ನಮ್ಮ ಕೌಂಟರಿನಲ್ಲಿ.

ಒಬ್ಬರು ಮೀನು ಮಾರುವ ಅಮ್ಮ. ಹರ್ನಿಯಾ. ಆಧಾರ್ ಗುರುತು ನೋಡಲು ಹೆಬ್ಬೆರಳು ಯಂತ್ರದ ಮೇಲೆ ಇಟ್ಟರೆ ಕೆಂಪು ದೀಪ. ಮತ್ತೆ ಇಟ್ಟರೆ ಕೆಂಪು. ಬೆರಳು ನೋಡಿದೆ. ಗೆರೆಯೇ ಇಲ್ಲ. ಮೂವತ್ತು ವರ್ಷ ಐಸು, ಉಪ್ಪು, ಕತ್ತಿ. ಚರ್ಮ ನುಣ್ಣಗೆ ಆಗಿ ಹೊಳೆಯುತ್ತಿತ್ತು. ಅಡ್ಡಡ್ಡ ಬರೀ ಗಾಯದ ಗುರುತು. ಒಟಿಪಿ ತೆಗೆಯೋಣ ಅಂದರೆ ಆಧಾರಿಗೆ ಇರುವುದು ಮಗನ ನಂಬರು. ಮಗ ಬೋಟಿನಲ್ಲಿ, ರೇಂಜ್ ಇಲ್ಲ. ಆ ಅಮ್ಮ ಕೈ ಒರೆಸಿಕೊಳ್ಳುತ್ತಾ ‘ನನ್ನ ಬೆರಳೇ ನನ್ನದಲ್ಲ ಅಂತದಾ ಮಗಾ?’ ಅಂದರು.

ಬಿಸಿನೀರಿನಲ್ಲಿ ಹತ್ತು ನಿಮಿಷ ಕೈ ಇಡಿಸಿದೆ. ಒರೆಸಿ, ಚೂರು ತೆಂಗಿನೆಣ್ಣೆ ತಿಕ್ಕಿ, ಮತ್ತೆ ಒರೆಸಿದೆ. ಹೆಬ್ಬೆರಳು ಬಿಟ್ಟು ಎಡಗೈ ಉಂಗುರದ ಬೆರಳು ಇಡಿಸಿದೆ. ಹಸಿರು ಬಂತು. ಆವತ್ತಿನಿಂದ ಕೌಂಟರ್ ಕೆಳಗೆ ಒಂದು ಬೋಗುಣಿ, ಒಂದು ಟವೆಲು, ಎಣ್ಣೆ ಬಾಟಲಿ ಇದೆ. ಬಿಡುಗಡೆ ದಿನವೂ ಬೆರಳು ಬೇಕು, ಯಾವ ಬೆರಳು ಹಸಿರು ಕೊಟ್ಟಿತು ಅಂತ ಫೈಲಿನ ಮೇಲೆ ಬರೆದಿಡುತ್ತೇನೆ.

ಸರ್ಜನ್ ಸರ್, ನಿಮ್ಮ ಹುಡುಗನ ಕ್ಲೇಮಿನ ಹಾಗೆ ನಮ್ಮದೂ ಮೂರು ಹೋಗಿದ್ದವು. ಈಗ ಥಿಯೇಟರ್ ಆಯಾಗೆ ಒಂದು ಹಳೆಯ ಫೋನ್ ಕೊಟ್ಟಿದ್ದೇವೆ. ತೆಗೆದ ಭಾಗ ಟ್ರೇಗೆ ಬಿದ್ದ ಕೂಡಲೇ ಫೋಟೋ, ಪಕ್ಕದಲ್ಲಿ ರೋಗಿಯ ನಂಬರಿನ ಚೀಟಿ. ಅದು ಅವರ ಕೆಲಸ, ನಿಮ್ಮದಲ್ಲ.

ಶಿರಸಿಯಿಂದ, ಹೆರಿಗೆ ಡಾಕ್ಟರ್

ಮಗಳೇ, ನಿನ್ನಂಥವರು ನಮ್ಮಲ್ಲಿ ಬೇಕಿತ್ತು. ಸಂಬಳ ಎಷ್ಟು ಕೊಡುತ್ತಾರೆ ಅಲ್ಲಿ?

ಕಾರವಾರದಿಂದ, ಆಸ್ಪತ್ರೆಯ ಕಾರ್ಡ್ ಕೌಂಟರಿನಲ್ಲಿ ಕೆಲಸ

ಅದು ಇಲ್ಲಿ ಬೇಡ ಮೇಡಂ. ಕಡಿಮೆ.

ಸಿದ್ದಾಪುರದ ಹಳೆಯ ಡಾಕ್ಟರ್

ನಾನು 42 ವರ್ಷ ಹಳ್ಳಿಯಲ್ಲಿ ನೋಡಿದವನು. ಯಾವ ಯೋಜನೆಗೂ ಸೇರಲಿಲ್ಲ, ಈಗ ಬಾಗಿಲು ಹಾಕಿದ್ದೇನೆ. ರೋಗಿಯನ್ನು ಶಿರಸಿಗೋ ಹುಬ್ಬಳ್ಳಿಗೋ ಕಳಿಸಿದರೆ ಒಂದು ಇನ್‌ಲ್ಯಾಂಡ್ ಪತ್ರ ಬರೆಯುತ್ತಿದ್ದೆ. ಅಲ್ಲಿನ ಸರ್ಜನ್ ಉತ್ತರ ಬರೆಯುತ್ತಿದ್ದರು: ಇದು ಕಂಡಿತು, ಇದು ಮಾಡಿದೆ, ಇಂಥ ಮಾತ್ರೆ ಇಷ್ಟು ದಿನ. ಒಂದು ಪೆಟ್ಟಿಗೆ ತುಂಬ ಇವೆ. ತಾಲೂಕು ಡಾಕ್ಟರ್ ಬರೆದದ್ದು ಓದಿ ಆ ಪೆಟ್ಟಿಗೆ ತೆಗೆದೆ.

ಕರಾವಳಿ ಸರ್ಜನ್

ತಾಲೂಕು ಡಾಕ್ಟ್ರೇ, ನಿಮ್ಮ ಮಾತು ರಾತ್ರಿಯಿಡೀ ತಲೆಯಲ್ಲಿತ್ತು. ನಾನೂ ಡಿಸ್ಚಾರ್ಜ್ ಕಾಗದ ವಾಪಸ್ ಕಳಿಸಿದವನಲ್ಲ. ರೋಗಿಯ ಕೈಗೆ ಕೊಟ್ಟರೆ ಮುಗಿಯಿತು ಅಂತ ಇದ್ದೆ. ಆದರೂ ಬಾಕಿ ಬಾಕಿಯೇ. ಮತ್ತೆ ಸೇರುವುದಿಲ್ಲ.

ಕುಮಟಾದಿಂದ, ಪ್ರಶ್ನೆ ಕೇಳಿದವಳು

ಎಲ್ಲರಿಗೂ ಧನ್ಯವಾದ. ಯಜಮಾನರು ಎರಡು ಸಲ ಓದಿದರು. ಹೆರಿಗೆ ನಮಗೆ ಸಿಗಲ್ಲ ಅನ್ನುವುದು ಮಾವನವರಿಗೂ ಗೊತ್ತಿರಲಿಲ್ಲ. ಮೊದಲು ಯಶಸ್ವಿನಿಗೆ ಅರ್ಜಿ ಹಾಕುತ್ತೇವೆ, ಇನ್ನೊಂದಕ್ಕೆ ಮಳೆಗಾಲ ಕಳೆದ ಮೇಲೆ ನೋಡುತ್ತೇವೆ. ಇವತ್ತು ಮಧ್ಯಾಹ್ನ ನಮ್ಮ ತಾಲೂಕು ಆಸ್ಪತ್ರೆಗೆ ಹೋಗಿ ಅಲ್ಲಿನ ಡಾಕ್ಟರರ ನಂಬರ್ ತಂದೆ. ಎಂಟು ವರ್ಷದಿಂದ ಒಂದೇ ಊರಿನಲ್ಲಿದ್ದೇವೆ, ಮಾತಾಡಿದ್ದು ಇವತ್ತೇ ಮೊದಲು.

ಕಾರವಾರದ ತಂಗಿ, ಆ ಬೆರಳಿನ ಯಂತ್ರ ಯಾವುದು ತೆಗೆದುಕೊಳ್ಳಲಿ?

ಕಾರವಾರದಿಂದ, ಆಸ್ಪತ್ರೆಯ ಕಾರ್ಡ್ ಕೌಂಟರಿನಲ್ಲಿ ಕೆಲಸ

ಯಾವುದಾದರೂ ನಡೆಯುತ್ತದೆ ಅಕ್ಕ, ಆಧಾರಿಗೆ ಒಪ್ಪಿಗೆ ಇರುವ ನೋಂದಾಯಿತ ಯಂತ್ರ ಅಂತ ಕೇಳಿ ತಗೊಳ್ಳಿ. ಎರಡು ತಗೊಳ್ಳಿ. ಉಪ್ಪು ಗಾಳಿಗೆ ಒಂದು ಬೇಗ ಕೆಡುತ್ತದೆ.