ಅಮ್ಮನ ಮೊಣಕೈ ಆಪರೇಷನ್: ಗಟ್ಟಿ ಎಲುಬನ್ನೂ ಕತ್ತರಿಸಬೇಕಾ?

ಪ್ರಶ್ನೆ: ಅಮ್ಮನಿಗೆ 58. ಅಂಗಳದ ಪಾಚಿಯಲ್ಲಿ ಜಾರಿ ಬಲ ಮೊಣಕೈ ಊರಿ ಬಿದ್ದರು. ತೋಳಿನ ಎಲುಬಿನ ಕೆಳತುದಿ ಕೀಲಿನೊಳಗೇ ಮೂರು ಚೂರಾಗಿದೆ. ಹಿಂದಿನಿಂದ ಕೊಯ್ದು, ಮೊಣಕೈ ತುದಿಯ ಎಲುಬನ್ನೂ ಕತ್ತರಿಸ್ತೀವಿ ಅಂದ್ರು ಡಾಕ್ಟರು. ಚೆನ್ನಾಗಿರೋ ಎಲುಬನ್ನು ಯಾಕೆ? ರಾತ್ರಿ ನಿದ್ದೆ ಬರ್ತಿಲ್ಲ.

ಉತ್ತರ 1: ನನಗೂ 2019ರಲ್ಲಿ ಇದೇ ಆಗಿತ್ತು. ಮೊಣಕೈಯ ಆ ತುದಿ ಕೀಲಿಗೆ ಬಾಗಿಲಿದ್ದ ಹಾಗೆ. ‘ವಿ’ ಆಕಾರದಲ್ಲಿ ಕತ್ತರಿಸಿ, ತೋಳಿನ ಹಿಂಭಾಗದ ಟ್ರೈಸೆಪ್ಸ್ ಸ್ನಾಯು ಸಮೇತ ಮೇಲಕ್ಕೆತ್ತಿದರೆ ಕೀಲಿನ ಮೇಲ್ಮೈ ಚೆನ್ನಾಗಿ ಕಾಣುತ್ತೆ. ಚೂರು ಕೂಡಿಸಿ ಎರಡು ಪ್ಲೇಟ್ ಹಾಕಿದರು, ಕೊನೆಗೆ ತುದಿಯನ್ನು ತಂತಿಯಿಂದ ಬಿಗಿದರು. ಕಿರುಬೆರಳಿಗೆ ಹೋಗುವ ನರ ಅಲ್ಲೇ ಪಕ್ಕದಲ್ಲಿದೆ. ನನಗೆ ಎರಡು ತಿಂಗಳು ಜೋಮು ಇತ್ತು. ಅಲ್ಲಿ ಚರ್ಮ ತೆಳು, ಮೇಜಿಗೆ ಕೈ ಊರಿದರೆ ತಂತಿ ಚುಚ್ಚುತ್ತಿತ್ತು. ಎಲುಬು ಕೂಡಿದ ಮೇಲೆ ತೆಗೆಸಿದೆ. ಈಗ ತಲೆ ಬಾಚ್ಕೋತೀನಿ, ಕೈ ಪೂರ್ತಿ ನೇರ ಮಾತ್ರ ಆಗಲ್ಲ.

ಉತ್ತರ 2: ನಾನು ಫಿಸಿಯೋಥೆರಪಿಸ್ಟ್. ಎಲುಬು ಕತ್ತರಿಸದೆ ಟ್ರೈಸೆಪ್ಸ್‌ನ ಎರಡೂ ಪಕ್ಕದಿಂದ ಹೋಗುವ ದಾರಿಯೂ ಇದೆ. ಆದರೆ ಹಾಗೆ ಹೋದರೆ ಒಳಗಿನ ಚೂರುಗಳು ಅಷ್ಟು ಕಾಣಲ್ಲ. ಕೈ ಯಾವಾಗಿಂದ ಆಡಿಸಬೇಕು ಅಂತ ಈಗಲೇ ಕೇಳಿ. ಬಹಳ ದಿನ ಕಟ್ಟಿಟ್ಟರೆ ಮೊಣಕೈ ಬಿಗಿದುಬಿಡುತ್ತೆ. ಎಣ್ಣೆ ಹಚ್ಚಿ ಎಳೆಸೋದು ಮಾತ್ರ ಖಂಡಿತ ಬೇಡ.

ಪ್ರಶ್ನೆ ಕೇಳಿದವರು: ‘ಬಾಗಿಲು’ ಅಂದದ್ದನ್ನು ಅಮ್ಮನಿಗೆ ಓದಿ ಹೇಳಿದೆ. ಶುಕ್ರವಾರಕ್ಕೆ ಒಪ್ಪಿದ್ದಾರೆ.