ಚಿತ್ರದುರ್ಗಕ್ಕೆ ಅರ್ಧ ದಿನ ಸಾಕಾ, ರಾತ್ರಿ ಉಳಿಯಬೇಕಾ?

ಬೆಣ್ಣೆನಗರಿ_ನಿವಾಸಿ

ಎಲ್ಲರಿಗೂ ನಮಸ್ಕಾರ. ನಾವು ಇರುವುದು ದಾವಣಗೆರೆಯಲ್ಲಿ, ಮೂಲ ಕುಂದಾಪುರದ ಕಡೆ. ಡಿಸೆಂಬರ್ ಕೊನೆಗೆ ಊರಿಂದ ಅಪ್ಪ ಅಮ್ಮ ಬರುತ್ತಿದ್ದಾರೆ. ಅವರನ್ನು ಚಿತ್ರದುರ್ಗಕ್ಕೆ ಕರೆದುಕೊಂಡು ಹೋಗಬೇಕು ಅಂತ ಬಹಳ ದಿನದ ಆಸೆ. ಇಲ್ಲಿಂದ ಸುಮಾರು 60 ಕಿ.ಮೀ. ಅಷ್ಟೇ ಆದರೂ ನಾವೇ ಸರಿಯಾಗಿ ನೋಡಿಲ್ಲ, ಬೆಂಗಳೂರಿಗೆ ಹೋಗುವಾಗ ಹೈವೇಯಿಂದ ಆ ಬಂಡೆಗಳನ್ನೂ ಗುಡ್ಡದ ಮೇಲಿನ ಗಾಳಿಯಂತ್ರಗಳನ್ನೂ ನೋಡುವುದು, ಅಷ್ಟೇ.

ಆಫೀಸಿನಲ್ಲಿ ಯಾರನ್ನು ಕೇಳಿದರೂ ಒಂದೇ ಮಾತು: ಕೋಟೆಗೆ ಮೂರು ತಾಸು ಸಾಕು, ಮಧ್ಯಾಹ್ನ ಊಟ ಮಾಡಿ ಹೊಸಪೇಟೆ ರೋಡ್ ಹಿಡಿದು ಹಂಪಿಗೆ ಹೋಗಿಬಿಡಿ. ನನಗೆ ಯಾಕೋ ಅದು ಸರಿ ಅನ್ನಿಸುತ್ತಿಲ್ಲ. ಅಪ್ಪನಿಗೆ ಶಾಸನ, ಹಳೇ ಕಲ್ಲು ಅಂದರೆ ಜೀವ. ಅಮ್ಮನಿಗೆ ಮಂಡಿ ನೋವು, ಆದರೆ ಕಾರಿನಲ್ಲಿ ಕೂತು ಕಾಯಲು ಸುತರಾಂ ಒಪ್ಪುವುದಿಲ್ಲ. ಮಗಳು ಏಳನೇ ಕ್ಲಾಸು, ಓಬವ್ವನ ಕಿಂಡಿ ನೋಡಬೇಕು ಅಂತ ಈಗಿಂದಲೇ ಕುಣಿಯುತ್ತಿದ್ದಾಳೆ.

ರಾತ್ರಿ ಉಳಿಯುವಷ್ಟು ಇದೆಯಾ ಅಲ್ಲಿ? ಅಮ್ಮ ಎಲ್ಲಿವರೆಗೆ ಹತ್ತಬಹುದು? ಕೋಟೆ ಬಿಟ್ಟು ಜನಜಂಗುಳಿ ಇಲ್ಲದೆ ಸುಮ್ನೆ ಕೂರುವಂಥ ಜಾಗ ಯಾವುದು? ಗೊತ್ತಿದ್ದವರು ದಯವಿಟ್ಟು ಹೇಳಿ.

ಕೋಟೆ_ಬುಡದವಳು

ಮೇಡಂ, ಒಂದು ರಾತ್ರಿಯಾದರೂ ಉಳಿಯಿರಿ. ನಮ್ಮ ಮನೆ ದೊಡ್ಡಪೇಟೆ ಹತ್ತಿರ, ನಾನು ಹುಟ್ಟಿ ಬೆಳೆದದ್ದೇ ಕೋಟೆ ಕೆಳಗೆ. ಹನ್ನೊಂದು ಗಂಟೆ ಬಿಸಿಲಲ್ಲಿ ಓಡೋಡಿ ಹತ್ತಿ, ಕಿಂಡಿ ಮುಂದೆ ಫೋಟೋ ತೆಗೆದುಕೊಂಡು, ಸುಸ್ತಾಗಿ ಇಳಿದು ಹೋಗುವವರನ್ನು ದಿನಾ ನೋಡುತ್ತೇನೆ. ಹೊಟ್ಟೆ ಉರಿಯುತ್ತದೆ. ಅಷ್ಟು ದೊಡ್ಡ ಕೋಟೆ, ಅದರ ಒಳಗಿನ ಕೆಲಸವನ್ನು ಯಾರೂ ನೋಡುವುದೇ ಇಲ್ಲ.

ನೀವು ಹಿಂದಿನ ದಿನ ಸಂಜೆಯೇ ಬಂದು ಉಳಿದುಕೊಳ್ಳಿ, ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿರಿ. ಆ ಹೊತ್ತಿಗೆ ಇರುವುದು ವಾಕಿಂಗ್‌ಗೆ ಬರುವ ಊರಿನ ಜನ ಮಾತ್ರ. ಡಿಸೆಂಬರ್‌ನಲ್ಲಿ ಚಳಿ ಇರುತ್ತದೆ, ಬಂಡೆ ತಣ್ಣಗಿರುತ್ತದೆ, ಅಮ್ಮ ನಿಧಾನಕ್ಕೆ ನಡೆಯಬಹುದು. ಮೊದಲ ಕೆಲವು ಬಾಗಿಲುಗಳವರೆಗೆ ಕಲ್ಲು ಹಾಸಿದ ಏರುದಾರಿ. ಬಾಗಿಲುಗಳು ಒಂದರ ಎದುರು ಒಂದು ಇಲ್ಲ, ಪ್ರತಿ ಸಲ ದಾರಿ ತಿರುಗುತ್ತದೆ. ಆನೆ ಆಗಲಿ ಕುದುರೆ ಆಗಲಿ ಓಡಿ ಬಂದು ಗುದ್ದುವುದಕ್ಕೆ ಜಾಗ ಸಿಗಬಾರದು ಅಂತ ಹಾಗೆ ಕಟ್ಟಿದ್ದು. ಅಮ್ಮ ಸುಸ್ತಾದಾಗಲೆಲ್ಲ ಒಂದೊಂದು ತಿರುವಿನಲ್ಲಿ ಕೂತು ಅದನ್ನೇ ನೋಡಬಹುದು. ಗೋಡೆಯ ಕಲ್ಲುಗಳನ್ನೂ ನೋಡಲಿ, ಗಾರೆ ಇಲ್ಲದೆ ಒಂದಕ್ಕೊಂದು ಕೂರಿಸಿದ ಜಾಗಗಳು ಬೇಕಾದಷ್ಟಿವೆ.

ಇನ್ನೊಂದು, ಇದನ್ನು ನಾನು ಎಲ್ಲರಿಗೂ ಹೇಳುತ್ತೇನೆ. ಕೋಟೆಯಲ್ಲಿ ಯುದ್ಧದ ಕಥೆ ಆಮೇಲೆ, ಮೊದಲು ನೀರನ್ನು ನೋಡಿ. ನಮ್ಮದು ಮಳೆ ಕಮ್ಮಿ ಸೀಮೆ. ಹತ್ತಿರದಲ್ಲಿ ಹೊಳೆ ಇಲ್ಲ. ಇಂಥ ಕಡೆ ಬಂಡೆ ಮೇಲೆ ಅರಮನೆ, ಗುಡಿ, ಟಂಕಸಾಲೆ, ಗರಡಿ, ಸೈನ್ಯ ಎಲ್ಲ ಇತ್ತು ಅಂದರೆ ಕುಡಿಯಲು ಏನು ಮಾಡುತ್ತಿದ್ದರು? ಬಂಡೆ ಮೇಲೆ ಬಿದ್ದ ಮಳೆ ನೀರು ಮೊದಲು ಮೇಲಿನ ಗೋಪಾಲಸ್ವಾಮಿ ಹೊಂಡಕ್ಕೆ ಬರುತ್ತದೆ. ಅದು ತುಂಬಿ ಹೆಚ್ಚಾದದ್ದು ಅಕ್ಕ ತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಗೆ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರೊಳಗಿನ ಸಂತೆ ಹೊಂಡಕ್ಕೆ. ಪಂಪಿಲ್ಲ, ಪೈಪಿಲ್ಲ, ಇಳಿಜಾರು ನೋಡಿಕೊಂಡು ಮಾಡಿದ ಕೆಲಸ. ಮೇಲೆ ಗೋಪಾಲಸ್ವಾಮಿ ಹೊಂಡದ ಹತ್ತಿರ ಒಂದರ್ಧ ಗಂಟೆ ಕೂತು, ಸಂಜೆ ಕೆಳಗೆ ಬಂದು ಸಂತೆ ಹೊಂಡ ನೋಡಿದರೆ ಇಡೀ ಊರು ಹೇಗೆ ಬದುಕಿತು ಅಂತ ಮಗಳಿಗೂ ಅರ್ಥವಾಗುತ್ತದೆ.

ಓಬವ್ವನ ಕಥೆಯಲ್ಲೂ ನೀರು ಇದೆ ಅಲ್ವಾ. ಗಂಡ ಊಟಕ್ಕೆ ಕೂತಿದ್ದಾಗ ಆಕೆ ಹೋದದ್ದು ನೀರು ತರಲಿಕ್ಕೇ, ಆಗಲೇ ಕಿಂಡಿಯಲ್ಲಿ ಹೈದರಾಲಿಯ ಸೈನಿಕರ ಸದ್ದು ಕೇಳಿದ್ದು. ಕಿಂಡಿಯ ಹತ್ತಿರವೇ ತಣ್ಣೀರು ದೋಣಿ ಇದೆ, ಬಂಡೆ ಸಂದಿನ ಸಣ್ಣ ನೀರಿನ ತಾಣ. ಮಗಳಿಗೆ ಮೊದಲು ಅದನ್ನು ತೋರಿಸಿ, ಆಮೇಲೆ ಕಿಂಡಿ ತೋರಿಸಿ. ಒಬ್ಬರು ತೂರಿ ಬರುವಷ್ಟೇ ಜಾಗ, ಒಬ್ಬೊಬ್ಬರೇ ಬಂದಿದ್ದರಿಂದಲೇ ಒಬ್ಬ ಹೆಂಗಸು ಒನಕೆಯಲ್ಲಿ ಅಷ್ಟು ಜನರನ್ನು ತಡೆಯಲು ಆಯಿತು ಅಂತ ಅವಳೇ ಹೇಳುತ್ತಾಳೆ ನೋಡಿ.

ತಿಂಡಿ ಪೊಟ್ಟಣ ಕೈಯಲ್ಲಿ ಹಿಡಿಯಬೇಡಿ, ಕೋತಿಗಳಿವೆ. ನೀರು ಕೆಳಗಿನಿಂದಲೇ ಒಯ್ಯಿರಿ. ಗೈಡ್ ಬೇಕಿದ್ದರೆ ಬಾಗಿಲಲ್ಲಿ ಸಿಗುತ್ತಾರೆ, ದುಡ್ಡು ಎಷ್ಟು, ಎಲ್ಲೆಲ್ಲಿ ತೋರಿಸುತ್ತಾರೆ ಅಂತ ಮೊದಲೇ ಮಾತಾಡಿ.

ಡಿಪೋ_ರಸ್ತೆ

ಬಸ್ಸಿನಲ್ಲಿ ಬರುವುದಾದರೆ ದಾವಣಗೆರೆಯಿಂದ ಬಸ್ಸು ಬೇಕಾದಷ್ಟಿದೆ. ರೈಲು ಬೇಡ, ಚಿಕ್ಕಜಾಜೂರು ಸುತ್ತಿ ಬರಬೇಕು. ಲಾಡ್ಜ್‌ಗಳು ಬಸ್ ನಿಲ್ದಾಣದ ಸುತ್ತಮುತ್ತ ಇವೆ, ಬಿ.ಡಿ. ರಸ್ತೆ ಕಡೆ ಗದ್ದಲ ಇರುತ್ತದೆ, ಒಳಗಿನ ರೂಮು ಕೇಳಿ. ಡಿಸೆಂಬರ್ ಕೊನೆ ವಾರ ಶಾಲಾ ಪ್ರವಾಸದ ಬಸ್ಸುಗಳು ಸಾಲಾಗಿ ಬರುತ್ತವೆ. ಅದಕ್ಕೇ ಮೇಲಿನ ಅಕ್ಕ ಹೇಳಿದ ಹಾಗೆ ಬೆಳಿಗ್ಗೆ ಬೇಗ ಹೋಗಿ, ಹತ್ತು ಗಂಟೆ ಮೇಲೆ ಬೇಡ.

ಹಳೇ_ಮೇಷ್ಟ್ರು

ನಿಮ್ಮ ತಂದೆಯವರ ಬಗ್ಗೆ ಓದಿ ಖುಷಿಯಾಯಿತು. ಇತಿಹಾಸ ಪಾಠ ಮಾಡಿದವನು ನಾನು. ಅವರಿಗೋಸ್ಕರ ಕೋಟೆಗಿಂತ ಚಂದ್ರವಳ್ಳಿಗೆ ಜಾಸ್ತಿ ಹೊತ್ತು ಇಡಿ.

ಕೋಟೆ ನಾಯಕರದ್ದು, ಅಂದರೆ 16ನೇ ಶತಮಾನದಿಂದ ಈಚಿನ ಕಥೆ. 1779ರಲ್ಲಿ ಹೈದರಾಲಿ ಕೋಟೆ ಹಿಡಿದು ಮದಕರಿ ನಾಯಕರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ಯುವಲ್ಲಿಗೆ ಅದು ಮುಗಿಯುತ್ತದೆ. ಚಂದ್ರವಳ್ಳಿ ಅದಕ್ಕಿಂತ ಸಾವಿರಾರು ವರ್ಷ ಹಿಂದಿನದು. ಅಲ್ಲಿ 1929ರ ಹೊತ್ತಿಗೆ ಡಾ. ಎಂ.ಎಚ್. ಕೃಷ್ಣ ಅವರು, 1947ರಲ್ಲಿ ಮಾರ್ಟಿಮರ್ ವೀಲರ್ ಅವರು ನೆಲ ಅಗೆಸಿದರು. ಶಾತವಾಹನರ ನಾಣ್ಯ ಸಿಕ್ಕವು, ರೋಮಿನ ಚಕ್ರವರ್ತಿಗಳಾದ ಅಗಸ್ಟಸ್ ಮತ್ತು ಟೈಬೀರಿಯಸ್‌ರ ಬೆಳ್ಳಿ ನಾಣ್ಯಗಳೂ ಸಿಕ್ಕವು. ಸಮುದ್ರ ಇಷ್ಟು ದೂರ ಇರುವ ಒಣಸೀಮೆಯ ಈ ಕಣಿವೆಗೆ ರೋಮಿನ ಬೆಳ್ಳಿ ಬಂದಿದೆ ಅಂದರೆ ಇಲ್ಲಿ ಎಂಥ ವ್ಯಾಪಾರ ನಡೆದಿರಬೇಕು ಯೋಚನೆ ಮಾಡಿ. ಮೂರು ಕಡೆ ಗುಡ್ಡ, ನಡುವೆ ಕೆರೆ, ಊರಿಗೆ ಅಂಟಿಕೊಂಡೇ ಇದೆ, ಆದರೂ ವಾರದ ದಿನಗಳಲ್ಲಿ ಜನ ಕಮ್ಮಿ. ನೀವು ಕೇಳಿದ ಸುಮ್ನೆ ಕೂರುವ ಜಾಗ ಇದೇ.

ಅಲ್ಲಿ ಭೈರವೇಶ್ವರ ಗುಡಿಯ ಹತ್ತಿರದ ಬಂಡೆಯಲ್ಲಿ ಕದಂಬರ ಮಯೂರಶರ್ಮನ ಶಾಸನವಿದೆ. ನಾಲ್ಕನೇ ಶತಮಾನದ್ದು, ಪ್ರಾಕೃತ ಭಾಷೆ, ಬ್ರಾಹ್ಮಿ ಲಿಪಿ. ಪಲ್ಲವರು, ಆಭೀರರು, ಪುನ್ನಾಟದವರು ಹೀಗೆ ಗೆದ್ದವರ ಹೆಸರೆಲ್ಲ ಬರುತ್ತದೆ, ಆದರೆ ಶಾಸನ ಹಾಕಿಸಿದ್ದು ಒಂದು ಕೆರೆಯ ಕೆಲಸಕ್ಕೆ! ಅಷ್ಟು ದೊಡ್ಡ ರಾಜ ಈ ಊರಿನಲ್ಲಿ ಬಂಡೆಗೆ ಬರೆಸಿದ್ದು ಕೆರೆಯ ವಿಷಯ. ಮೇಲಿನ ತಂಗಿ ಹೇಳಿದ ನೀರಿನ ಮಾತು ನಾಯಕರ ಕಾಲಕ್ಕೆ ಶುರುವಾದದ್ದಲ್ಲ.

ಪಕ್ಕದಲ್ಲೇ ಅಂಕಲಿ ಮಠದ ಗುಹೆಗಳಿವೆ. ಒಳಗೆ ಕತ್ತಲು, ಬಗ್ಗಿ ಹೋಗಬೇಕು. ನಿಮ್ಮ ತಾಯಿಯವರಿಗೆ ಬೇಡ, ಮಗಳು ಟಾರ್ಚ್ ಹಿಡಿದು ಗೊತ್ತಿರುವವರ ಜೊತೆ ಹೋಗಿ ಬರಲಿ.

ಇನ್ನೊಂದು ದಿನ ಇದ್ದರೆ ಬ್ರಹ್ಮಗಿರಿಯನ್ನು ಬಿಡಲೇಬೇಡಿ. ಮೊಳಕಾಲ್ಮೂರು ತಾಲ್ಲೂಕು, ಅಶೋಕ ಸಿದ್ದಾಪುರದ ಹತ್ತಿರ. 1892ರಲ್ಲಿ ಬಿ.ಎಲ್. ರೈಸ್ ಅವರು ಬೆಳಕಿಗೆ ತಂದ ಅಶೋಕನ ಶಾಸನ. ಸುವರ್ಣಗಿರಿಯಿಂದ ಇಸಿಲದ ಅಧಿಕಾರಿಗಳಿಗೆ ಕಳಿಸಿದ ಸಂದೇಶ ಅದು. ತಂದೆ ತಾಯಿಯ ಮಾತು ಕೇಳಬೇಕು, ಜೀವಿಗಳ ಮೇಲೆ ದಯೆ ಇರಬೇಕು, ಸತ್ಯ ಹೇಳಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು ಅಂತ ಸರಳವಾಗಿ ಹೇಳಿದೆ. ಕೊನೆಯಲ್ಲಿ ಬರೆದವನ ಹೆಸರೂ ಇದೆ: ಚಪಡ. ಎಲ್ಲ ಬ್ರಾಹ್ಮಿಯಲ್ಲಿ ಬರೆದು, ತಾನು ಲಿಪಿಕಾರ ಎನ್ನುವುದನ್ನು ಮಾತ್ರ ಖರೋಷ್ಠಿಯಲ್ಲಿ ಕೆತ್ತಿದ್ದಾನೆ. ಅದು ವಾಯವ್ಯ ಗಡಿಯ ಕಡೆಯ ಲಿಪಿ, ಬಲದಿಂದ ಎಡಕ್ಕೆ ಬರೆಯುವುದು. ಅಷ್ಟು ದೂರದ ಅಕ್ಷರ ಕಲಿತ ಒಬ್ಬ ಮನುಷ್ಯ ನಮ್ಮ ಮೊಳಕಾಲ್ಮೂರಿನ ಬಿಸಿಲಲ್ಲಿ ಕೂತು ಕೆಲಸ ಮಾಡಿದ್ದಾನೆ. ಪ್ರತಿ ಸಲ ಅಲ್ಲಿ ನಿಂತಾಗಲೂ ನನಗೆ ಮೈ ಜುಮ್ ಅನ್ನುತ್ತದೆ.

ಬೆಣ್ಣೆನಗರಿ_ನಿವಾಸಿ

ಇಷ್ಟೆಲ್ಲ ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್. ಸರ್, ನಿಮ್ಮದನ್ನು ಅಪ್ಪನಿಗೆ ಫೋನಿನಲ್ಲಿ ಓದಿ ಹೇಳಿದೆ, ಬ್ರಹ್ಮಗಿರಿಗೆ ಹೋಗಲೇಬೇಕು ಅಂತ ಹಠ ಹಿಡಿದಿದ್ದಾರೆ. ಹಾಗಾದರೆ ಎರಡು ರಾತ್ರಿ ಉಳಿಯುತ್ತೇವೆ, ಹಂಪಿ ಇನ್ನೊಂದು ಸಲ. ಬ್ರಹ್ಮಗಿರಿಗೆ ಹೋಗಿ ಬಂದು ಅದೇ ಸಂಜೆ ಜೋಗಿಮಟ್ಟಿ ಮುಗಿಸಬಹುದಾ? ಮತ್ತೆ ಅಕ್ಕ, ಕೋಟೆಯಲ್ಲಿ ಅಮ್ಮ ಏಕನಾಥೇಶ್ವರಿ ಗುಡಿವರೆಗೆ ಬರಬಹುದಾ? ದೇವಿ ಗುಡಿ ಇದೆ ಅಂತ ಗೊತ್ತಾದ ಮೇಲೆ ಅಲ್ಲಿಗೆ ಹೋಗಲೇಬೇಕು ಅನ್ನುತ್ತಿದ್ದಾರೆ.

ಕೋಟೆ_ಬುಡದವಳು

ಏಕನಾಥೇಶ್ವರಿ ತನಕ ಬರಬಹುದು, ಅವಸರ ಮಾಡದೆ, ನೀವು ಒಬ್ಬರು ಕೈ ಹಿಡಿದುಕೊಂಡಿರಿ. ಗುಡಿ ಮುಂದೆ ದೀಪಸ್ತಂಭ, ಉಯ್ಯಾಲೆ ಕಂಬ ಇದೆ. ಅಮ್ಮ ಅಲ್ಲೇ ಕೂತಿರಲಿ. ಅಲ್ಲಿಂದ ಮುಂದಿನ ಹಿಡಿಂಬೇಶ್ವರ, ಗೋಪಾಲಸ್ವಾಮಿ ಹೊಂಡ ಎಲ್ಲ ನೀವು ಸರದಿ ಮೇಲೆ ನೋಡಿ ಬನ್ನಿ. ತುಪ್ಪದ ಕೊಳದ ಬತ್ತೇರಿಗೆ ಮಾತ್ರ ಅಮ್ಮನೂ ಬೇಡ, ಅಪ್ಪನೂ ಬೇಡ. ಬಂಡೆಯಲ್ಲಿ ಪಾದ ಇಡಲು ಕೊರೆದ ಗುರುತು ಬಿಟ್ಟರೆ ಹಿಡಿಯಲು ಏನೂ ಇಲ್ಲ. ಹತ್ತುವಾಗ ಸಲೀಸು, ಇಳಿಯುವಾಗ ಗೊತ್ತಾಗುತ್ತದೆ.

ಬ್ರಹ್ಮಗಿರಿ, ಜೋಗಿಮಟ್ಟಿ ಎರಡನ್ನೂ ಒಂದೇ ದಿನಕ್ಕೆ ಹಾಕಬೇಡಿ. ಮೇಷ್ಟ್ರು ಪ್ರೀತಿಯಿಂದ ಹೇಳಿದ್ದಾರೆ, ಆದರೆ ಚಳ್ಳಕೆರೆ ದಾಟಿ ಬಳ್ಳಾರಿ ರಸ್ತೆಯಲ್ಲಿ ಹೋಗಿ ಬರುವುದೇ ಅರ್ಧ ದಿನದ ಮೇಲಾಗುತ್ತದೆ. ವಯಸ್ಸಾದವರಿಗೆ ಅಷ್ಟು ಕಾರು ಪ್ರಯಾಣವೇ ಸುಸ್ತು. ಜೋಗಿಮಟ್ಟಿ ಕಾಡು, ಅರಣ್ಯ ಇಲಾಖೆಯ ಗೇಟು ಇದೆ, ಹೊತ್ತು ಮೀರಿ ಹೋದರೆ ಬಿಡುವುದಿಲ್ಲ. ಕೋಟೆ ನೋಡಿದ ದಿನವೇ ಮಧ್ಯಾಹ್ನ ಮಲಗಿ ಎದ್ದು ಹೋಗಿ, ಊರಿಂದ ಹತ್ತು ಕಿ.ಮೀ. ಆಸುಪಾಸು. ದಾರಿಯಲ್ಲಿ ಆಡುಮಲ್ಲೇಶ್ವರದ ಕಿರು ಮೃಗಾಲಯ ಇದೆ, ಮಗಳಿಗೆ ಇಷ್ಟವಾಗುತ್ತದೆ. ಮೇಲೆ ಗಾಳಿ ಜೋರು, ಅಮ್ಮನಿಗೆ ಶಾಲು, ಮಫ್ಲರ್ ಇರಲಿ.

ಹಳೇ_ಮೇಷ್ಟ್ರು

ತಂಗಿ ಹೇಳಿದ್ದು ಸರಿ, ಒಂದೇ ದಿನಕ್ಕೆ ಬೇಡ. ಬೆಳಿಗ್ಗೆ ಏಳಕ್ಕೇ ಹೊರಡಿ, ಬಿಸಿಲು ಏರುವ ಮುಂಚೆ ಬ್ರಹ್ಮಗಿರಿ ಮುಗಿಸಿ. ಹತ್ತಿರದ ಜಟಿಂಗ ರಾಮೇಶ್ವರ ಬೆಟ್ಟದಲ್ಲೂ ಅಶೋಕನ ಶಾಸನ ಇದೆ, ಆದರೆ ಅದು ಹತ್ತುವ ಬೆಟ್ಟ, ನಿಮ್ಮ ತಂದೆಯವರ ಕಾಲು ನೋಡಿಕೊಳ್ಳಿ. ವಾಪಸ್ ಬರುವಾಗ ಮೊಳಕಾಲ್ಮೂರಿನಲ್ಲಿ ನೇಕಾರರ ಮನೆಯಲ್ಲೇ ರೇಷ್ಮೆ ಸೀರೆ ನೋಡಬಹುದು. ಮಗ್ಗ ನೋಡಿದ ಮೇಲೆ ನಿಮ್ಮ ತಾಯಿಯವರು ಆ ದಿನದ ಕಾರು ಪ್ರಯಾಣಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ.

ವೇದಾವತಿ_ದಂಡೆ

ನೀರಿನ ಮಾತು ಬಂದಿದ್ದಕ್ಕೆ ನಮ್ಮ ಹಿರಿಯೂರಿನ ವಾಣಿವಿಲಾಸ ಸಾಗರವನ್ನೂ ಸೇರಿಸುತ್ತೇನೆ. ಎರಡು ಗುಡ್ಡಗಳ ನಡುವೆ ವೇದಾವತಿಗೆ ಕಟ್ಟಿದ ಅಣೆಕಟ್ಟು, 1907ರಲ್ಲಿ ಮುಗಿದದ್ದು. ನಾವು ಮಾರಿಕಣಿವೆ ಅಂತಲೇ ಕರೆಯುವುದು. 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಆ ದಿನ ಅಜ್ಜಿಯಂದಿರು ಬಾಗಿನ ಹಿಡಿದು ಅಳುತ್ತಾ ನಿಂತಿದ್ದರು. ತಮ್ಮ ಕಾಲದಲ್ಲಿ ನೋಡುತ್ತೇವೆ ಅಂತ ಅಂದುಕೊಂಡೇ ಇರಲಿಲ್ಲ. 2025ರ ಜನವರಿಯಲ್ಲಿ ಮತ್ತೆ ತುಂಬಿತು. ಈ ಸಲ ಆಗದಿದ್ದರೆ ಅಪ್ಪ ಅಮ್ಮನನ್ನು ಇನ್ನೊಂದು ಸಲ ಇದಕ್ಕೇ ಅಂತ ಕರೆದುಕೊಂಡು ಬನ್ನಿ.

ಬೆಣ್ಣೆನಗರಿ_ನಿವಾಸಿ

ಖಂಡಿತ. ಈಗ ಹೀಗೆ ಮಾಡುತ್ತೇವೆ: ಶುಕ್ರವಾರ ಮಧ್ಯಾಹ್ನ ಬಂದು ಚಂದ್ರವಳ್ಳಿ, ಸಂತೆ ಹೊಂಡ. ಶನಿವಾರ ಬೆಳಿಗ್ಗೆ ಕೋಟೆ, ಸಂಜೆ ಜೋಗಿಮಟ್ಟಿ. ಭಾನುವಾರ ಬ್ರಹ್ಮಗಿರಿ ನೋಡಿ ಹಾಗೇ ದಾವಣಗೆರೆಗೆ. ಅಪ್ಪ ಶಾಸನದ ಪಾಠ ಮೊದಲೇ ಓದಿಕೊಳ್ಳಬೇಕಂತೆ, ಎಲ್ಲಿ ಸಿಗುತ್ತದೆ ಸರ್?

ಹಳೇ_ಮೇಷ್ಟ್ರು

ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ 11ನೇ ಸಂಪುಟ ಚಿತ್ರದುರ್ಗ ಜಿಲ್ಲೆಯದು, ಬ್ರಹ್ಮಗಿರಿಯ ಶಾಸನ ಅದರಲ್ಲಿದೆ. ದೊಡ್ಡ ಅಕ್ಷರದಲ್ಲಿ ಜೆರಾಕ್ಸ್ ಮಾಡಿಸಿಕೊಳ್ಳಿ, ಬಂಡೆ ಮುಂದೆ ನಿಂತು ಸಾಲು ಸಾಲಾಗಿ ಹೊಂದಿಸಿ ನೋಡಲು ಅನುಕೂಲ. ಮಯೂರಶರ್ಮನ ಶಾಸನದ ಅಕ್ಷರ ಸವೆದಿದೆ, ಬೆಳಕು ಓರೆಯಾಗಿ ಬೀಳುವ ಹೊತ್ತಿನಲ್ಲಿ ಸ್ವಲ್ಪ ಚೆನ್ನಾಗಿ ಕಾಣುತ್ತದೆ. ಹಾಗಾಗಿ ಶುಕ್ರವಾರ ಮೊದಲು ಸಂತೆ ಹೊಂಡ ನೋಡಿಕೊಂಡು ನಾಲ್ಕು ಗಂಟೆ ಮೇಲೆ ಚಂದ್ರವಳ್ಳಿಗೆ ಹೋಗಿ. ಊರಲ್ಲಿ ರಂಗಯ್ಯನ ಬಾಗಿಲಿನ ಹತ್ತಿರ ಸರ್ಕಾರಿ ವಸ್ತುಸಂಗ್ರಹಾಲಯ ಇದೆ, ಆ ದಿನ ತೆರೆದಿರುತ್ತದೆಯಾ ಅಂತ ಕೇಳಿಕೊಂಡು ಅದನ್ನೂ ಸೇರಿಸಿಕೊಳ್ಳಿ.