ಒಂದೇ ಸೂಲಿನ ಎರಡು ನಾಯಿಮರಿ, ಹೇಗೆ ಸಾಕೋದು?

ಪ್ರಶ್ನೆ, ಶಿರಸಿಯಿಂದ:
ತೋಟದ ಮನೆಗೆ ಎರಡು ಹೆಣ್ಣುಮರಿ ತಂದಿದ್ದೇವೆ. ಹುಟ್ಟಿ ಎರಡು ತಿಂಗಳಾಗಿದೆ. ಕರಿಯದು ಪಕ್ಕದಲ್ಲಿ ಇಲ್ಲದಿದ್ದರೆ ಕೆಂಚಿ ಅನ್ನ ಮುಟ್ಟುವುದಿಲ್ಲ. ಕರೆದರೆ ನನ್ನ ಕಡೆ ನೋಡುವುದೂ ಇಲ್ಲ. ಏನು ಮಾಡಲಿ?

ಕುಮಟಾದಿಂದ:
ಈಗಲೇ ಸ್ವಲ್ಪ ಬೇರೆ ಮಾಡಿ. ಒಂದು ಜಗಲಿಯಲ್ಲಿ, ಇನ್ನೊಂದು ಕೊಟ್ಟಿಗೆಯಲ್ಲಿ ಮಲಗಲಿ. ತಟ್ಟೆ ಬೇರೆ, ಕಲಿಸುವುದೂ ಬೇರೆ. ದಿನಾ ಒಂದನ್ನೇ ತೋಟಕ್ಕೆ ಕರೆದುಕೊಂಡು ಹೋಗಿ, ಮೊದಲು ಐದು ನಿಮಿಷ ಸಾಕು. ಉಳಿದದ್ದು ಕೂಗುತ್ತದೆ, ಪಾಪ ಅನ್ನಿಸುತ್ತದೆ ಅಲ್ವಾ? ಆದರೂ ಬಿಡಬೇಡಿ. ಅದು ನಿಮ್ಮನ್ನು ನಂಬಲು ಕಲಿಯುವುದು ಹಾಗೆಯೇ.

ಅಂಕೋಲಾದಿಂದ:
ಪಾರ್ವೋ (ಮರಿಗಳಿಗೆ ವಾಂತಿ, ಭೇದಿ ತರುವ ಅಂಟುರೋಗ) ಲಸಿಕೆ ಮರಿಗೆ 16 ವಾರ ಆಗುವವರೆಗೆ 3–4 ವಾರಕ್ಕೊಮ್ಮೆ ಹಾಕಿಸಿ. ಅಲ್ಲಿಯವರೆಗೆ ರಸ್ತೆಗೆ ಬಿಡಬೇಡಿ. ಒಂದಕ್ಕೆ ವಾಂತಿ, ಭೇದಿ ಶುರುವಾದರೆ ತಕ್ಷಣ ಇನ್ನೊಂದನ್ನು ದೂರ ಇಟ್ಟು ಡಾಕ್ಟರಿಗೆ ತೋರಿಸಿ.

ಶಿರಸಿಯಿಂದ:
ಕೊಟ್ಟಿಗೆಯಲ್ಲಿ ಎಮ್ಮೆ ಒದೆಯುತ್ತದೆ. ಅಡುಗೆಮನೆ ಬಾಗಿಲಲ್ಲಿ ಮಲಗಿಸಬಹುದಾ?